ಚಳ್ಳಕೆರೆಯ ಗಾಳಿ, ಕಾದಂಬರಿಯ ಹಾಯಿ

ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಬಯಲುಸೀಮೆಯಲ್ಲಿ ಕುಳಿತು ಹಾಯಿಹಡಗಿನ ಕಾದಂಬರಿ ಬರೆಯಬಹುದೇ? ಖಂಡಿತ ಬರೆಯಬಹುದು. ಹಗ್ಗದ ಹೆಸರು ಕೇಳುವ ಮೊದಲು ಗಾಳಿಯ ತಿಂಗಳು ಕೇಳಬೇಕು, ಅಷ್ಟೇ!

ಆಷಾಢದ ಮಧ್ಯಾಹ್ನ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮುಂದೆ ಶೇಂಗಾ ಹಿಂಡಿಯ ಮೂಟೆ ಹೇರಿಕೊಂಡ ಲಾರಿ ನಿಂತಿದೆ. ಮೂಟೆಗಳ ಮೇಲೆ ಹತ್ತಿದ ಇಬ್ಬರು ಹಮಾಲರು ಟಾರ್ಪಾಲು ಹೊದಿಸುತ್ತಿದ್ದಾರೆ. ಪಡುವಣದಿಂದ ಒಂದು ಗಾಳಿ ನುಗ್ಗಿ ಬಂತು. ಟಾರ್ಪಾಲು ಒಮ್ಮೆಲೇ ಹೊಟ್ಟೆ ಉಬ್ಬಿಸಿಕೊಂಡು ಎದ್ದಿತು. ಮೂಲೆಯ ಹಗ್ಗ ಹಿಡಿದಿದ್ದ ಹುಡುಗ ಮುಗ್ಗರಿಸಿ ಅಂಚಿಗೆ ಬಂದುಬಿಟ್ಟ.

"ಹಗ್ಗ ಬಿಡಲೇ ತಮ್ಮಾ! ಹಿಡ್ಕಂಡ್ರೆ ನಿನ್ನೂ ಎಳ್ಕಂಡು ಹೋಗ್ತೈತೆ!"

"ಬಿಟ್ರೆ ಹಾರೋಗ್ತೈತಲ್ಲಣ್ಣಾ!"

"ಒಂದೇ ಮೂಲೆ ಬಿಡು. ಆ ಕಡೇದು ನಾನು ಹಿಡಿದೀನಿ."

ಹುಡುಗ ಬಿಟ್ಟ. ಟಾರ್ಪಾಲು ಪಟಪಟನೆ ಬಡಿದುಕೊಂಡಿತು, ಆದರೆ ಅದರ ಎಳೆತ ಅಲ್ಲಿಗೇ ಇಳಿಯಿತು. ಗಾಳಿ ತಗ್ಗಿದ್ದೇ ಇಬ್ಬರೂ ಮತ್ತೆ ಮೂಲೆ ಜಗ್ಗಿ ಕೊಕ್ಕೆಗೆ ಬಿಗಿದರು.

ಹಾಯಿಹಡಗಿನ ಖಲಾಸಿ ಬಿರುಗಾಳಿಯಲ್ಲಿ ಮೊದಲು ಮಾಡುವ ಕೆಲಸವೂ ಇದೇ. ಹಾಯಿಯ ಕೆಳಮೂಲೆಯ ಹಗ್ಗವನ್ನು ಸಡಿಲ ಬಿಡುತ್ತಾನೆ. ಹಾಯಿಯೊಳಗಿನ ಗಾಳಿ ಸೋರಿಹೋಗುತ್ತದೆ, ವಾಲಿದ ಹಡಗು ನೆಟ್ಟಗಾಗುತ್ತದೆ. ಬಿಡಲು ಒಂದು ಗಳಿಗೆ ತಡವಾದರೆ ಹಾಯಿ ಹೊತ್ತ ಕೂವೆಮರ ಮುರಿಯುತ್ತದೆ, ಇಲ್ಲವೇ ಹಡಗೇ ಮಗುಚುತ್ತದೆ. ಕಡಲ ಕಾದಂಬರಿಯ ಬಿರುಗಾಳಿ ಅಧ್ಯಾಯಕ್ಕೆ ಬೇಕಾದ ಜೀವಾಳವೆಲ್ಲ ಆ ಲಾರಿಯ ಮೇಲೆ ಇತ್ತು.

ಕನ್ನಡದಲ್ಲಿ ಈಗ ಇತಿಹಾಸದ ಕಾದಂಬರಿಗಳಿಗೆ ಮತ್ತೆ ಒಳ್ಳೆಯ ಕಾಲ ಬಂದಿದೆ. ಕೋಟೆಯೊಳಗಿದ್ದ ಕಥೆ ಈಗ ಬಂದರಿಗೂ ಹೋಗುತ್ತಿದೆ. ಮೊಳಕಾಲ್ಮುರಿಗೆ ಉತ್ತರದಲ್ಲಿರುವ ಸಂಡೂರಿನ ವಸುಧೇಂದ್ರ 2019ರಲ್ಲಿ ಪ್ರಕಟಿಸಿದ 'ತೇಜೋ ತುಂಗಭದ್ರಾ' ಲಿಸ್ಬನ್, ಗೋವೆ, ವಿಜಯನಗರಗಳನ್ನು ಹಡಗಿನ ದಾರಿಯಲ್ಲೇ ಹೊಲಿದ ಕಾದಂಬರಿ. ಅದಿರಿನ ಗುಡ್ಡಗಳ ಊರಿನವರೊಬ್ಬರು ಅಟ್ಲಾಂಟಿಕ್ ಕಡಲಿನ ಕಥೆ ಬರೆದರು, ಓದುಗರು ನಂಬಿ ಜೊತೆಗೆ ಹೊರಟರು. ಹಾಗಾದರೆ ಅವರ ಹಿಂದೆ ಬರುವ ಬಯಲುಸೀಮೆಯ ಹೊಸ ಲೇಖಕನಿಗೋ ಲೇಖಕಿಗೋ ಹಡಗನ್ನು ಕಲಿಸಿಕೊಡುವುದು ಹೇಗೆ?

ತಳುಕಿನ ಪಾಠ

ಕಾದಂಬರಿಕಾರನಿಗೆ ನೆರವಾಗುವುದು ಈ ಸೀಮೆಗೆ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕು ತ.ರಾ. ಸುಬ್ಬರಾಯರ ಮನೆತನದ ಊರು. 'ಕಂಬನಿಯ ಕುಯಿಲಿ'ನಿಂದ 'ದುರ್ಗಾಸ್ತಮಾನ'ದವರೆಗೆ ಅವರು ಬರೆದ ಚಿತ್ರದುರ್ಗದ ಪಾಳೆಯಗಾರರ ಕಥೆಗಳ ಬೆನ್ನಿಗೆ ಹುಲ್ಲೂರು ಶ್ರೀನಿವಾಸ ಜೋಯಿಸರಂಥ ಸಂಶೋಧಕರು ಜೀವಮಾನವೆಲ್ಲ ಕೂಡಿಸಿದ ದುರ್ಗದ ಚರಿತ್ರೆ ಇತ್ತು. ತರಾಸು 1984ರಲ್ಲಿ ತೀರಿಕೊಂಡರು. ಮರುವರ್ಷ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆ ಕಾದಂಬರಿಗಳನ್ನು ಓದಿದವರು ಪುಸ್ತಕ ಹಿಡಿದೇ ಕೋಟೆ ಹತ್ತಿದ್ದಾರೆ. ಬತೇರಿ ಎಲ್ಲಿದೆ, ದಿಡ್ಡಿ ಬಾಗಿಲು ಎಲ್ಲಿ ತೆರೆಯುತ್ತದೆ, ಯಾವ ಹೊಂಡದ ನೀರು ಯಾವುದಕ್ಕೆ ಇಳಿಯುತ್ತದೆ ಎಂದು ಕಣ್ಣಾರೆ ನೋಡಿದ್ದಾರೆ. ಒಂದು ಕೊತ್ತಲದ ಜಾಗ ತಪ್ಪಿದ್ದರೂ ದುರ್ಗದ ಓದುಗ ಬಿಡುತ್ತಿರಲಿಲ್ಲ. ಕುಂದಾಪುರ, ಹೊನ್ನಾವರ, ಕಾರವಾರದ ಓದುಗರೂ ಹಡಗಿನ ವಿಷಯದಲ್ಲಿ ಅಷ್ಟೇ ಕಟ್ಟುನಿಟ್ಟು. ಅಲ್ಲಿನ ಅಜ್ಜಂದಿರು ಹಾಯಿ ಕಟ್ಟಿ ಕಡಲಿಗೆ ಇಳಿದವರು.

ಜೋಯಿಸರು ದುರ್ಗಕ್ಕೆ ಮಾಡಿದ್ದನ್ನು ಕಡಲಿಗೆ ಯಾರಾದರೂ ಮಾಡಬೇಕು. ನನ್ನ ಮಟ್ಟಿಗೆ ಆ ನೆರವಿನ ಮೊದಲ ಪಾಠ ಗಾಳಿಯೇ. ಅದು ಕಥೆಯ ಹಿಂದೆ ತೂಗುಹಾಕುವ ಪರದೆಯಲ್ಲ. ಯಾರು ಯಾವಾಗ ಬರುತ್ತಾರೆ, ಯಾರು ಎಷ್ಟು ತಿಂಗಳು ಕಾಯುತ್ತಾರೆ, ಯಾರು ದಾರಿಯಲ್ಲಿ ಸಾಯುತ್ತಾರೆ ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ.

ಹೋಗುವಾಗ 23 ದಿನ, ಬರುವಾಗ ಮೂರು ತಿಂಗಳು

ಇದಕ್ಕೆ ವಾಸ್ಕೋ ಡ ಗಾಮನ ಮೊದಲ ಯಾನಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 1498ರ ಏಪ್ರಿಲ್ 24ರಂದು ಅವನ ಹಡಗುಗಳು ಆಫ್ರಿಕಾದ ಮಲಿಂದಿಯಿಂದ ಹೊರಟವು. ಆ ಕಡಲು ಬಲ್ಲ ಮಾರ್ಗದರ್ಶಿಯೊಬ್ಬ ಜೊತೆಗಿದ್ದ, ನೈಋತ್ಯದ ಗಾಳಿ ಬೆನ್ನಿಗಿತ್ತು. ಸುಮಾರು 23 ದಿನ ನೆಲ ಕಾಣದೆ ಸಾಗಿ ಮಲಬಾರಿನ ಬೆಟ್ಟಗಳನ್ನು ಕಂಡರು. ಮೇ 20ಕ್ಕೆ ಕಲ್ಲಿಕೋಟೆಯ ಬಳಿ ಲಂಗರು ಇಳಿಯಿತು.

ಹಿಂತಿರುಗುವಾಗ ಅವರು ನಮ್ಮ ಕರಾವಳಿಗೆ ಬಂದರು. ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಂಡರು, ಸಿಹಿನೀರು ತುಂಬಿಕೊಂಡರು. ಅಕ್ಟೋಬರ್ 5ರಂದು ಹೊರಟೇಬಿಟ್ಟರು.

ಅದು ಹೊರಡುವ ಕಾಲವಾಗಿರಲಿಲ್ಲ. ನೈಋತ್ಯದ ಗಾಳಿ ಮುಗಿದಿತ್ತು, ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಅದು ನೆಲೆಗೊಳ್ಳುವ ತನಕ ಕಾಯುವುದು ಆ ಕಡಲಿನ ರೂಢಿ. ಕಾಯದವರು ಗಾಳಿಯಿಲ್ಲದ ನೀರಿನ ನಡುವೆ ವಾರಗಟ್ಟಲೆ ನಿಂತರು, ಬೀಸಿದಾಗ ಎದುರುಗಾಳಿಗೆ ಸಿಕ್ಕರು. ಒಸಡು ಬಾತು ಹಲ್ಲು ಮುಚ್ಚಿಕೊಂಡವು, ಕಾಲು ಊದಿಕೊಂಡವು. ಈ ದಾಟುವಿಕೆಯೊಂದರಲ್ಲೇ 30 ಮಂದಿ ಸತ್ತರು. ಕೊನೆಗೆ ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದಿದ್ದರು. ಮಲಿಂದಿ ಮುಟ್ಟಿದ್ದು 1499ರ ಜನವರಿ 7ಕ್ಕೆ. ನಡೆಸಲು ಜನ ಸಾಲದೆ 'ಸಾವೊ ರಫಾಯೆಲ್' ಎಂಬ ಹಡಗನ್ನು ತಾವೇ ಸುಟ್ಟರು.

ಕಡಲು ಅದೇ, ಹಡಗುಗಳೂ ಅವೇ. ತಿಂಗಳೊಂದು ಬೇರೆ. ಇದನ್ನು ಬಲ್ಲ ಕಾದಂಬರಿಕಾರ ಅಂಜುದೀವದ ಆ ಎರಡು ವಾರಗಳಿಂದಲೇ ಒಂದು ಅಧ್ಯಾಯ ಕಟ್ಟಬಲ್ಲ: ಹೊರಡೋಣ ಎನ್ನುವ ನಾಯಕ, ಕಾಯಬೇಕೆಂದು ಬಲ್ಲ ದಡದ ಜನ, ನಡುವೆ ಮಾತು ಅರ್ಥವಾಗದ ದುಭಾಷಿ.

ಸಾಮಾನ್ಯವಾಗಿ ಬರವಣಿಗೆ ಎಡವುವುದೂ ಇಲ್ಲೇ. ಭಟ್ಕಳದಿಂದ ಆಷಾಢದಲ್ಲಿ ಅರೇಬಿಯಕ್ಕೆ ಹಡಗು ಹೊರಡಿಸಿದರೆ ಕರಾವಳಿಯ ಓದುಗ ಪುಸ್ತಕ ಮುಚ್ಚುತ್ತಾನೆ. ಆ ತಿಂಗಳುಗಳಲ್ಲಿ ಅಳಿವೆಯ ಬಾಯಿ ದಾಟುವುದೇ ಜೀವದ ಜೊತೆ ಆಟ. ಇವತ್ತಿಗೂ ಯಾಂತ್ರಿಕ ಮೀನುಗಾರಿಕೆಗೆ ಜೂನ್, ಜುಲೈನಲ್ಲಿ ನಿಷೇಧವಿದೆ. ಮಳೆಗಾಲದ ಅಬ್ಬರ ಇಳಿದ ಮೇಲೆ, ನೂಲ ಹುಣ್ಣಿಮೆಯ ಹೊತ್ತಿಗೆ, ಮೊಗವೀರರು ಸಮುದ್ರ ಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆಗಳೂ ಗಾಳಿ ಹೇಳಿದ ತಿಂಗಳಿಗೇ ನಮ್ಮ ಬಂದರುಗಳಲ್ಲಿ ಇಳಿಯುತ್ತಿದ್ದವು.

ಲಿಸ್ಬನ್ನಿನಿಂದ ಗೋವೆಗೆ ಬರುವ ಪೋರ್ಚುಗೀಸ್ ಹಡಗುಗಳೂ ಅಷ್ಟೇ. ಮಾರ್ಚ್, ಏಪ್ರಿಲ್‌ನಲ್ಲಿ ಹೊರಟರೆ ಆಫ್ರಿಕಾದ ದಕ್ಷಿಣದ ತುದಿ ಸುತ್ತಿ, ನೈಋತ್ಯದ ಗಾಳಿಯ ಕೊನೆ ಹಿಡಿದು ಸೆಪ್ಟೆಂಬರ್ ಸುಮಾರಿಗೆ ತಲುಪುತ್ತಿದ್ದವು. ತಡವಾಗಿ ಹೊರಟವರು ದಾರಿಯಲ್ಲೇ ಎಲ್ಲಾದರೂ ಮುಂದಿನ ಗಾಳಿಗೆ ಕಾಯಬೇಕಾಗುತ್ತಿತ್ತು.

▣ ಹಡಗು ಎಷ್ಟು ಬೇಗ ಹೋಗುತ್ತದೆ?
ಮಲಿಂದಿಯಿಂದ ಕಲ್ಲಿಕೋಟೆಗೆ ನೇರ ದೂರ ಸುಮಾರು 4,200 ಕಿ.ಮೀ. ಅದನ್ನು 23 ದಿನದಲ್ಲಿ ದಾಟಿದರೆ ಗಂಟೆಗೆ ಏಳೆಂಟು ಕಿ.ಮೀ. ಅನುಕೂಲದ ಗಾಳಿಯಲ್ಲಿ ಸಿಕ್ಕ ಸರಾಸರಿ ವೇಗವೇ ಇಷ್ಟು. ಬಾಣದಂತೆ ಚಿಮ್ಮುವ ಹಡಗು ಕಥೆಯಲ್ಲಿ ಬಂದರೆ ಅನುಮಾನಿಸಿ.

ಎದುರುಗಾಳಿಗೆ ಓರೆ ದಾರಿ

ಹಾಯಿ ಇದ್ದರೆ ಗಾಳಿ ಬೀಸಿದತ್ತ ಮಾತ್ರ ಹೋಗಬಹುದು ಎಂಬುದು ಒಂದು ತಪ್ಪು ತಿಳಿವಳಿಕೆ. ಎತ್ತ ಬೇಕಾದರೂ ಹೋಗಬಹುದು ಎಂಬುದು ಅದಕ್ಕಿಂತ ದೊಡ್ಡ ತಪ್ಪು. ಅಡ್ಡಗಾಳಿಯಲ್ಲಿ ಹಡಗು ಸೊಗಸಾಗಿ ಸಾಗುತ್ತದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಹಡಗೂ ಹೋಗಲಾರದು. ಓರೆಯಾಗಿ ಒಂದಷ್ಟು ದೂರ ಬಲಕ್ಕೆ, ಮತ್ತಷ್ಟು ದೂರ ಎಡಕ್ಕೆ, ಹೀಗೆ ಅಂಕುಡೊಂಕಾಗಿ ಹತ್ತಬೇಕು. ಹಳೆಯ ಚೌಕ ಹಾಯಿಯ ಹಡಗುಗಳು ಹೀಗೆ ಇಡೀ ದಿನ ಹೆಣಗಿದರೂ ಸಂಜೆಗೆ ಹೊರಟ ಜಾಗದ ಹತ್ತಿರವೇ ಇರುತ್ತಿದ್ದುದುಂಟು.

ಅರಬ್ಬಿ ಕಡಲಿನ ನಾವೆಗಳಲ್ಲಿ ಇನ್ನೊಂದು ಬಗೆ. ಮುಂದಕ್ಕೆ ವಾಲಿದ ಕೂವೆಮರ, ಅದಕ್ಕೆ ಓರೆಯಾಗಿ ತೂಗಿದ ಉದ್ದನೆಯ ಅಡ್ಡಮರ, ಅದರಿಂದ ಇಳಿಬಿದ್ದ ಮುಮ್ಮೂಲೆ ಹಾಯಿ. ದಿಕ್ಕು ಬದಲಿಸಬೇಕಾದರೆ ಹಡಗಿನ ಹಿಂಭಾಗವನ್ನು ಗಾಳಿಗೆ ಕೊಟ್ಟು ತಿರುಗಿಸಿ, ಆ ಭಾರದ ಅಡ್ಡಮರವನ್ನು ಕೂವೆಮರದ ಮುಂದಿನಿಂದ ಇನ್ನೊಂದು ಮಗ್ಗುಲಿಗೆ ದಾಟಿಸಬೇಕು. ಹಾಯಿಯ ತುದಿ ಆ ಕ್ಷಣ ಯಾರ ಹಿಡಿತಕ್ಕೂ ಸಿಗದೆ ಬಡಿದಾಡುತ್ತದೆ. ಹಡಗಿನ ಅಷ್ಟೂ ಜನ ಹಗ್ಗಕ್ಕೆ ಬೀಳುತ್ತಾರೆ, ಹಡಗು ನಡೆಸುವ ತಂಡೇಲ ಕೂಗುತ್ತಾನೆ, ಹಗ್ಗ ಎಳೆಯುವವರು ಹಾಡಿನ ಲಯಕ್ಕೆ ಎಳೆಯುತ್ತಾರೆ. ಆಸ್ಟ್ರೇಲಿಯಾದ ನಾವಿಕ ಲೇಖಕ ಅಲನ್ ವಿಲಿಯರ್ಸ್ 1938–39ರಲ್ಲಿ ಕುವೈತಿನ ಹಾಯಿನಾವೆಯಲ್ಲಿ ತಿಂಗಳುಗಟ್ಟಲೆ ಇದ್ದು ಇದನ್ನೆಲ್ಲ ಕಂಡು 'ಸನ್ಸ್ ಆಫ್ ಸಿಂದಬಾದ್' ಬರೆದರು. ಅರಬ್ಬಿ ಕಡಲಿನ ಕಥೆ ಬರೆಯುವವರು ಓದಲೇಬೇಕಾದ ಪುಸ್ತಕ ಅದು.

ದಡದ ಹತ್ತಿರ ಓಡಾಡುವ ಪತ್ತೇಮಾರಿ, ಮಚವೆಗಳಿಗೆ ದಿನದ ಗಾಳಿಯೇ ಬೇರೆ. ರಾತ್ರಿ ತಂಪಾದ ನೆಲದಿಂದ ಕಡಲ ಕಡೆಗೆ ಬೀಸುವ ನೆಲಗಾಳಿಯಲ್ಲಿ ಬೆಳಗಿನ ಜಾವ ಹೊರಡುವುದು, ನೆಲ ಕಾದ ಮೇಲೆ ಮಧ್ಯಾಹ್ನ ಏಳುವ ಕಡಲಗಾಳಿಯಲ್ಲಿ ದಡಕ್ಕೆ ಮರಳುವುದು. ನಾಯಕಿ ಹೊನ್ನಾವರದ ದಡದಲ್ಲಿ ಸಂಜೆ ನಿಂತು ಹೊರಡುವ ಹಾಯಿಗೆ ಕೈಬೀಸುವ ದೃಶ್ಯ ಬರೆದಿದ್ದರೆ, ಅದನ್ನು ಕೋಳಿ ಕೂಗುವ ಹೊತ್ತಿಗೆ ಬದಲಿಸಿಕೊಳ್ಳಿ. ದೃಶ್ಯಕ್ಕೆ ಅದರಿಂದ ಚೆಲುವು ಹೆಚ್ಚೇ ಬರುತ್ತದೆ.

▣ ಇಲ್ಲದ ಕಾಲದಲ್ಲಿ ಇಡಬಾರದವು
ದೂರದರ್ಶಕ: ಯುರೋಪಿನಲ್ಲಿ ಅದು ಬೆಳಕಿಗೆ ಬಂದದ್ದು 1608ರಲ್ಲಿ. ಗಾಮನ ಕೈಯಲ್ಲಿ ಅದು ಇರಲಾರದು.
ಚುಕ್ಕಾಣಿಯ ಚಕ್ರ: ಸಿನಿಮಾಗಳು ಎಲ್ಲ ಹಡಗಿಗೂ ಜೋಡಿಸುವ ಈ ಕಡ್ಡಿಚಕ್ರ 18ನೇ ಶತಮಾನದ ಆರಂಭದ್ದು. ಅದಕ್ಕೆ ಮೊದಲು ಚುಕ್ಕಾಣಿಗೆ ಉದ್ದನೆಯ ಹಿಡಿಕೋಲು. ದೊಡ್ಡ ಹಡಗುಗಳಲ್ಲಿ ಚುಕ್ಕಾಣಿ ಹಿಡಿದವನಿಗೆ ಮುಂದಿನ ಕಡಲು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೇಲಿನವರು ಹೇಳಿದಂತೆ ತಿರುಗಿಸುತ್ತಿದ್ದ.
ಕಬ್ಬಿಣದ ಮೊಳೆ: ಹೊರ್ಮುಜಿನ ನಾವೆಗಳಿಗೆ ಮೊಳೆಯೇ ಇಲ್ಲ, ತೆಂಗಿನ ನಾರಿನಿಂದ ಹಲಗೆ ಹೊಲಿಯುತ್ತಾರೆ ಎಂದು ಮಾರ್ಕೊ ಪೋಲೊ 13ನೇ ಶತಮಾನದಲ್ಲೇ ದಾಖಲಿಸಿದ. ಸರಕಿನ ಮೇಲೆ ಚರ್ಮ ಹಾಸಿ ಅದರ ಮೇಲೆ ಭಾರತಕ್ಕೆ ಕಳಿಸುವ ಕುದುರೆಗಳನ್ನು ನಿಲ್ಲಿಸುತ್ತಿದ್ದರಂತೆ.

ಹೊನ್ನಾವರದ ಗಂಟು, ಚಳ್ಳಕೆರೆಯ ಧ್ರುವ

ನಡುಗಡಲಿನಲ್ಲಿ ದಾರಿ ಕಂಡುಕೊಳ್ಳುತ್ತಿದ್ದುದು ಹೇಗೆ? ಇದನ್ನು ಕಲಿಯಲು ಕಾದಂಬರಿಕಾರ ಚಳ್ಳಕೆರೆ ಬಿಟ್ಟು ಹೋಗಬೇಕಾಗಿಲ್ಲ.

ಅರಬ್ಬಿ ನಾವಿಕರ ಬಳಿ ಕಮಾಲ್ ಎಂಬ ಸರಳ ಸಲಕರಣೆ ಇತ್ತು. ಅಂಗೈಯಗಲದ ಮರದ ತುಂಡು, ಅದರ ನಡುವೆ ತೂತು, ತೂತಿನಲ್ಲಿ ಗಂಟು ಹಾಕಿದ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ದಾರ ಬಿಗಿಯಾಗುವಷ್ಟು ಮುಂದಕ್ಕೆ ಹಿಡಿಯುವುದು. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಂಚು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಕೂತರೆ ಆ ಗಂಟಿನ ಬಂದರಿನ ನೇರಕ್ಕೆ ಬಂದಿದ್ದೇವೆ ಎಂದು ಅರ್ಥ. ಆಮೇಲೆ ಧ್ರುವನನ್ನು ಅದೇ ಎತ್ತರದಲ್ಲಿ ಇರಿಸಿಕೊಂಡು ಪೂರ್ವಕ್ಕೆ ಸಾಗಿದರೆ ಬಂದರು ಸಿಗುತ್ತದೆ. ಪೂರ್ವ ಪಶ್ಚಿಮದಲ್ಲಿ ಎಷ್ಟು ದೂರ ಬಂದೆವೆಂದು ಖಚಿತವಾಗಿ ತಿಳಿಯಲು ಜಗತ್ತು ಜಾನ್ ಹ್ಯಾರಿಸನ್ನನ ಗಡಿಯಾರಕ್ಕಾಗಿ 18ನೇ ಶತಮಾನದವರೆಗೆ ಕಾಯಬೇಕಾಯಿತು.

ನಕ್ಷೆ ತೆರೆದು ನೋಡಿ. ಹೊನ್ನಾವರ ಇರುವುದು ಉತ್ತರ ಅಕ್ಷಾಂಶ 14.3 ಡಿಗ್ರಿಯ ಬಳಿ. ಚಳ್ಳಕೆರೆಯೂ ಅಲ್ಲೇ. ಕಾರವಾರ 14.8, ಮೊಳಕಾಲ್ಮುರು 14.7. ಹೊನ್ನಾವರಕ್ಕೆಂದು ಕಟ್ಟಿದ ಗಂಟು ಚಳ್ಳಕೆರೆಯ ಕಾವಲಿನಲ್ಲಿ ನಿಂತರೂ ಧ್ರುವನಿಗೆ ಸರಿಯಾಗಿ ಕೂರುತ್ತದೆ. ಅಮೃತಮಹಲ್ ಕಾವಲುಗಳ ಸಪಾಟು ಹುಲ್ಲುಬಯಲಿನಲ್ಲಿ ದಿಗಂತ ಕಡಲಿನಷ್ಟೇ ನೇರ. ಒಂದು ತುಂಡು ರಟ್ಟು, ಒಂದು ಮೊಳ ದಾರ ಸಾಕು. ಹಲ್ಲಿನಲ್ಲಿ ದಾರ ಕಚ್ಚಿ ಉಸಿರು ಬಿಗಿಹಿಡಿದಾಗ ಹಲಗೆ ಎಷ್ಟು ನಡುಗುತ್ತದೆ ಎಂದು ಗೊತ್ತಾಗುತ್ತದೆ. ತೂಗುವ ಹಡಗಿನ ಮೇಲೆ ಅದೇ ಕೆಲಸ ಎಷ್ಟು ಕಷ್ಟವೆಂದು ಆಗ ಊಹಿಸಬಹುದು.

ಗಾಳಿಯಂತೂ ಇಲ್ಲಿ ಧಾರಾಳ. ಅರಬ್ಬಿ ಕಡಲು ದಾಟಿ ಬರುವ ನೈಋತ್ಯದ ಗಾಳಿ ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಸಿ, ಹಗುರಾಗಿ ದುರ್ಗದ ಬಯಲಿಗೆ ಇಳಿಯುತ್ತದೆ. ಚಳ್ಳಕೆರೆಗೆ ಸಿಗುವುದು 500 ಮಿ.ಮೀ. ಆಸುಪಾಸಿನ ಮಳೆ. ಮಳೆಯಲ್ಲಿ ಕೈಕೊಟ್ಟರೂ ಗಾಳಿಯಲ್ಲಿ ಕೊರತೆಯಿಲ್ಲ. ಚಿತ್ರದುರ್ಗದ ಬೆಟ್ಟಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ, ಆಷಾಢದ ಗಾಳಿಪಟಗಳನ್ನು ಏರಿಸುವುದೂ, ಗಾಮನ ಹಡಗನ್ನು ದೂಡಿದ್ದೂ ಇದೇ ಗಾಳಿ.

ಬ್ರಹ್ಮಗಿರಿಯ ಮಣ್ಣಿನಲ್ಲಿ ಹಡಗಿನ ಸುಳಿವು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಶಾಸನದಲ್ಲಿ ಬರುವ ಇಸಿಲ ಪಟ್ಟಣ ಇಲ್ಲೇ ಇತ್ತು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದದ್ದರ ಹಿಂದೆ ಕಡಲಿನ ನಂಟಿದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಅದಕ್ಕೆ ಎರಡು ವರ್ಷ ಮೊದಲು ವೀಲರ್ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ಮಡಕೆಗಳನ್ನು ಕಂಡಿದ್ದರು. ಅವುಗಳ ಕಾಲ ಖಚಿತವಿತ್ತು. ಅವುಗಳ ಜೊತೆಯಲ್ಲೇ, ಒಳಮೈಗೆ ಸಾಲುಚುಕ್ಕೆ ಒತ್ತಿದ ನಯವಾದ ತಟ್ಟೆಗಳೂ ಸಿಕ್ಕಿದ್ದವು. ಅಂಥವೇ ತಟ್ಟೆಯ ಚೂರುಗಳು ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕವು. ತಟ್ಟೆಗಳು ನಮ್ಮ ದೇಶದಲ್ಲೇ ತಯಾರಾದವು ಎಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಆದರೂ ಬ್ರಹ್ಮಗಿರಿಯ ಆ ಪದರಕ್ಕೆ ಕ್ರಿಸ್ತಶಕದ ಆರಂಭದ ಕಾಲವನ್ನು ಗೊತ್ತುಮಾಡಿದ್ದು ರೋಮಿನ ಹಡಗುಗಳ ವ್ಯಾಪಾರವೇ. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ತಿಬೇರಿಯಸ್ಸನ ಬೆಳ್ಳಿ ನಾಣ್ಯವೂ ಸಿಕ್ಕಿತು.

ಇಲ್ಲೊಂದು ಕಾದಂಬರಿ ಬರೆಯುವವರಿಗಾಗಿ ಕಾದು ಕೂತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ರೋಮಿನ ಲೇಖಕ ಪ್ಲಿನಿ ಹೇಳುವಂತೆ ಹಡಗುಗಳು ನಡುಬೇಸಿಗೆಯಲ್ಲಿ ಈಜಿಪ್ಟಿನಿಂದ ಹೊರಟು, ಕೆಂಪು ಸಮುದ್ರದ ಬಾಯಿ ಮುಟ್ಟಲು 30 ದಿನ, ಅಲ್ಲಿಂದ ಮಲಬಾರಿನ ಮುಜಿರಿಸ್ ಬಂದರು ಮುಟ್ಟಲು 40 ದಿನ ತೆಗೆದುಕೊಳ್ಳುತ್ತಿದ್ದವು. ಎಂದರೆ ಅವು ದಡ ಕಂಡಾಗ ನಮ್ಮಲ್ಲಿ ಭಾದ್ರಪದವೋ ಆಶ್ವಯುಜವೋ. ಘಟ್ಟದ ದಾರಿಯ ಕೆಸರು ಒಣಗಿದ ಮೇಲೆ ತಾನೇ ಹೇರೆತ್ತುಗಳು ಏರುವುದು? ಆ ನಾಣ್ಯ ಯಾವ ಬಂದರಿನಿಂದ, ಎಷ್ಟು ಕೈ ದಾಟಿ ಬಂತೆಂಬುದು ಕಾದಂಬರಿಕಾರನ ಕಲ್ಪನೆಗೆ ಬಿಟ್ಟದ್ದು. ಹಡಗಿನ ತಿಂಗಳು ಮಾತ್ರ ಗಾಳಿಯ ಕೈಯಲ್ಲಿದೆ.

ಕಡತವೂ ಸಾಕು, ಕಿವಿಯೂ ಬೇಕು

ಕಡಲಿಗಿಳಿದೇ ಬರೆಯಬೇಕೆಂಬ ಕಟ್ಟಳೆಯೇನೂ ಇಲ್ಲ. ಜೋಸೆಫ್ ಕಾನ್ರಾಡ್ ಹಡಗಿನ ಕಪ್ತಾನರಾಗಲು ಪರೀಕ್ಷೆ ಪಾಸು ಮಾಡಿದವರು, ಹರ್ಮನ್ ಮೆಲ್ವಿಲ್ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವರು. ಇವರಿಬ್ಬರ ಪಕ್ಕದಲ್ಲೇ ಪ್ಯಾಟ್ರಿಕ್ ಓಬ್ರಿಯನ್ನರನ್ನೂ ನೆನೆಯಬೇಕು. 1969ರ 'ಮಾಸ್ಟರ್ ಅಂಡ್ ಕಮಾಂಡರ್'ನಿಂದ ಆರಂಭಿಸಿ 20 ಕಡಲ ಕಾದಂಬರಿ ಬರೆದವರು ಅವರು. 1995ರಲ್ಲಿ ಅವರಿಗೆ ತಮ್ಮ ಹಾಯಿನೌಕೆಯನ್ನು ಒದಗಿಸಿದ ಅಮೆರಿಕದ ಉದ್ಯಮಿ ಟಾಮ್ ಪರ್ಕಿನ್ಸ್, ಚುಕ್ಕಾಣಿ ಹಿಡಿಯುವ ಅನುಭವ ಅವರಿಗೆ ಇದ್ದಂತೆಯೇ ಕಾಣಲಿಲ್ಲ ಎಂದು ಬರೆದಿದ್ದಾರೆ. ಓಬ್ರಿಯನ್ ಅಷ್ಟೂ ವಿವರ ಪಡೆದದ್ದು ಬ್ರಿಟಿಷ್ ನೌಕಾಪಡೆಯ ಹಳೆಯ ಕಾಗದಪತ್ರಗಳಿಂದ. ಮೊದಲ ಕಾದಂಬರಿಯ ದೊಡ್ಡ ಕಾಳಗವೇ 1801ರಲ್ಲಿ ಥಾಮಸ್ ಕಾಕ್ರೇನ್ 'ಸ್ಪೀಡಿ' ಎಂಬ ಪುಟ್ಟ ಹಡಗಿನಿಂದ ತನಗಿಂತ ಬಹಳ ದೊಡ್ಡ ಸ್ಪೇನಿನ ಹಡಗನ್ನು ಗೆದ್ದ ನಿಜ ಘಟನೆ.

ಅಮಿತಾವ್ ಘೋಷ್ ತಮ್ಮ 'ಸೀ ಆಫ್ ಪಾಪೀಸ್'ಗಾಗಿ (2008) ಹಿಡಿದದ್ದು ಇನ್ನೊಂದು ದಾರಿ. ಥಾಮಸ್ ರೋಬಕ್ 1811ರಲ್ಲಿ ಪ್ರಕಟಿಸಿದ ಹಡಗಿನ ಹಿಂದೂಸ್ತಾನಿ ನಿಘಂಟನ್ನು ಹುಡುಕಿ ತೆಗೆದು, ನಮ್ಮ ಖಲಾಸಿಗಳು ಮಾತಾಡುತ್ತಿದ್ದ ಭಾಷೆಯನ್ನು ಕಾದಂಬರಿಗೆ ತಂದರು.

ಕನ್ನಡದ ಬರಹಗಾರನಿಗೆ ಕಣ್ಣಿಗೆ ಕಾಣುವ ನೆರವೂ ಈಗ ಇದೆ. ಅಜಂತಾದ 5ನೇ ಶತಮಾನದ ಒಂದು ಚಿತ್ರ ನೋಡಿ ಕಟ್ಟಿದ ಹೊಲಿಗೆಯ ಹಡಗು 'ಕೌಂಡಿನ್ಯ' 2025ರ ಮೇ 21ರಂದು ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಬಾಬು ಶಂಕರನ್ ಮುಂದಾಳುತನದಲ್ಲಿ ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಚೌಕ ಹಾಯಿ, ಚುಕ್ಕಾಣಿಯ ಜಾಗದಲ್ಲಿ ದೊಡ್ಡ ಹುಟ್ಟುಗಳು. ಹಾಯಿಯ ಮೇಲೆ ಗಂಡಭೇರುಂಡ. ನಕ್ಷೆಯೇ ಇಲ್ಲದ ಹಡಗನ್ನು ಚಿತ್ರವೊಂದರಿಂದ ಕಟ್ಟುವಾಗ ಎದ್ದ ಪ್ರಶ್ನೆಗಳು ಕಾದಂಬರಿಕಾರನವೂ ಹೌದು: ಈ ಹಗ್ಗ ಎಲ್ಲಿಗೆ ಹೋಗುತ್ತದೆ? ಇದನ್ನು ಎಳೆಯಲು ಎಷ್ಟು ಜನ ಬೇಕು? ನೀರು ಎಲ್ಲಿಂದ ಒಸರುತ್ತದೆ?

ಕರಾವಳಿಯಲ್ಲಿ ಹಾಯಿ ಕಟ್ಟಿ ಹೋದ ಕೊನೆಯ ತಲೆಮಾರು ಇನ್ನೂ ಇದೆ. ಅವರನ್ನು ಕಾಣಲು ಹೋಗುವವರು ನಿಘಂಟು ತುಂಬಿಸಲು ಹೋಗಬಾರದು. "ಅಜ್ಜಾ, ಗಾಳಿ ನಿಂತುಹೋದ ದಿನ ಹಡಗಿನಲ್ಲಿ ಏನು ಮಾಡ್ತಿದ್ರಿ? ಏನು ಉಂಡಿರಿ? ನೀರಿನ ರುಚಿ ಹೇಗಿತ್ತು? ಹಾಯಿ ನೆನೆದರೆ ಎಷ್ಟು ಭಾರ?" ಎಂದು ಕೇಳಬೇಕು. ಹಲಗೆಗೆ ಬಳಿದ ಮೀನೆಣ್ಣೆಯ, ಗೇರುಬೀಜದ ಸಿಪ್ಪೆಯೆಣ್ಣೆಯ ವಾಸನೆ, ಅಂಗೈಯಲ್ಲಿ ಹುರಿಹಗ್ಗ ಎಬ್ಬಿಸಿದ ಬೊಬ್ಬೆ ಎಲ್ಲವೂ ಆ ಉತ್ತರಗಳಲ್ಲಿ ತಾವಾಗಿ ಬರುತ್ತವೆ. ಬರೆದಾದ ಮೇಲೆ ಆ ಅಧ್ಯಾಯವನ್ನು ಅವರ ಮುಂದೆಯೇ ಓದಬೇಕು. ತಪ್ಪಿದಲ್ಲಿ ಅವರು ತಡೆಯುತ್ತಾರೆ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಹೊತ್ತು ಹೋಗುವ ಮಂಜಿಗಳಿಗೆ ಈಗ ಎಂಜಿನ್ ಇದೆ. ಆದರೂ ಅವು ಮಳೆಗಾಲದಲ್ಲಿ ಕಡಲಿಗಿಳಿಯುವುದಿಲ್ಲ. ಸೆಪ್ಟೆಂಬರ್ ನಡುವಿನಲ್ಲಿ ಅವುಗಳ ಓಡಾಟ ಮತ್ತೆ ಶುರುವಾಗುತ್ತದೆ. ಕಡಲ ಕಾದಂಬರಿಗೆ ಕೈಹಾಕಿದವರು ಚಳ್ಳಕೆರೆಯಿಂದ ರಾತ್ರಿ ಬಸ್ಸು ಹಿಡಿದಾದರೂ ಸರಿ, ಆ ವಾರ ಧಕ್ಕೆಯ ಮೇಲಿರಬೇಕು.